ಬೋರ್ಡು ಓದಿದ್ರೆ ಕಣ್ಣು ಚೆನ್ನಾಗಿದೆ ಅಂತಲ್ಲ



ಉದ್ದದ ಪೋಸ್ಟು ಇದು. ಜಗಳ ಆಡೋರು ಪೂರ್ತಿ ಓದಿ ಆಮೇಲೆ ಆಡಿ.

ಏಪ್ರಿಲ್ 14 ಹತ್ತಿರ ಬರ್ತಿದ್ದ ಹಾಗೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಫ್ಲೆಕ್ಸ್ ಡಿಸೈನು ಓಡಾಡೋಕೆ ಶುರುವಾಗುತ್ತೆ. ಮೇಲೆ ಬಾಬಾಸಾಹೇಬರು, ಪಕ್ಕದಲ್ಲಿ ಬುದ್ಧ, ಕೆಳಗೆ ಸಾಲಾಗಿ ಮುಖಂಡರ ಮುಖಗಳು, ನಡುವೆ ಕೆಂಪಕ್ಷರದಲ್ಲಿ ‘ಬೃಹತ್ ಉಚಿತ ನೇತ್ರ ತಪಾಸಣಾ ಶಿಬಿರ’. ಈ ಶಿಬಿರಗಳಲ್ಲಿ ಪೊರೆ ತೆಗೆಸಿಕೊಂಡು ಮತ್ತೆ ಮೊಮ್ಮಕ್ಕಳ ಮುಖ ನೋಡಿದ ಅಜ್ಜಿಯರು ನಮ್ಮ ಕೇರಿಯಲ್ಲೇ ಇದ್ದಾರೆ. ಹಾಗಾಗಿ ಶಿಬಿರ ಬೇಡ ಅಂತ ನಾನು ಹೇಳ್ತಿಲ್ಲ. ನಾನು ಹೇಳ್ತಿರೋದು ಬೇರೆ. ಸಕ್ಕರೆ ಕಾಯಿಲೆ ಇರೋರ ಕಣ್ಣಿಗೆ ಇಂಥ ಶಿಬಿರಗಳಿಂದ ಏನೂ ಆಗ್ತಿಲ್ಲ. ಏನೂ ಆಗದೇ ಇದ್ದಿದ್ರೂ ಸುಮ್ಮನಿರಬಹುದಿತ್ತು. ‘ನಿಮ್ಮ ಕಣ್ಣು ಚೆನ್ನಾಗಿದೆ, ಹೋಗಿ ಬನ್ನಿ’ ಅಂತ ಹೇಳಿ ಕಳಿಸ್ತಾರಲ್ಲ, ಅದು ಅಪಾಯ.

ಶಿಬಿರದಲ್ಲಿ ಏನು ನಡೆಯುತ್ತೆ ನೆನಪು ಮಾಡ್ಕೊಳ್ಳಿ. ಅಂಬೇಡ್ಕರ್ ಭವನದ ಗೋಡೆಗೆ ಬೋರ್ಡು ನೇತು ಹಾಕ್ತಾರೆ. ಇಪ್ಪತ್ತು ಅಡಿ ದೂರ ಕೂರಿಸಿ ಒಂದು ಕಣ್ಣು ಮುಚ್ಚಿ ಓದಿ ಅಂತಾರೆ. ಆಮೇಲೆ ಒಂದು ಮಿಷನ್ನಿಗೆ ಗದ್ದ ಇಡಿಸಿ ನಂಬರ್ ತೆಗೀತಾರೆ. ಟಾರ್ಚ್ ಬಿಟ್ಟು ಪೊರೆ ಬಂದಿದೆಯಾ ನೋಡ್ತಾರೆ. ಪೊರೆ ಇದ್ರೆ ವ್ಯಾನು, ಇಲ್ದಿದ್ರೆ ಕನ್ನಡಕ. ಮುಗೀತು. ಒಬ್ಬೊಬ್ಬರಿಗೆ ಮೂರು ನಿಮಿಷ, ನಾಲ್ಕು ನಿಮಿಷ.

ಬೋರ್ಡು ಅಳೆಯೋದು ಒಂದೇ ಒಂದನ್ನ: ನೇರ ಎದುರಿಗೆ ಇರೋ ಅಕ್ಷರ ಇವತ್ತು ಎಷ್ಟು ಸ್ಪಷ್ಟವಾಗಿ ಕಾಣ್ತಿದೆ ಅನ್ನೋದನ್ನ. ಸಕ್ಕರೆ ಕಾಯಿಲೆ ಕಣ್ಣಿನಲ್ಲಿ ಮಾಡೋ ಹಾಳು ಅಲ್ಲಿಂದ ಶುರುವಾಗಲ್ಲ. ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಅಂತ ಒಂದು ಪರದೆ ಇದೆ. ಹಳೇ ಕ್ಯಾಮೆರಾದಲ್ಲಿ ರೀಲು ಇರ್ತಿತ್ತಲ್ಲ, ಹಾಗೆ ಚಿತ್ರ ಬೀಳೋದು ಅಲ್ಲಿ. ಅದಕ್ಕೆ ರಕ್ತ ಒಯ್ಯೋ ನಾಳಗಳು ಕೂದಲಿಗಿಂತ ಸಣ್ಣವು. ತೋಟದಲ್ಲಿ ಹನಿ ನೀರಾವರಿ ಪೈಪು ನೋಡಿರ್ತೀರಿ. ಹಳೇದಾದ ಪೈಪು ಅಲ್ಲಲ್ಲಿ ಉಬ್ಬುತ್ತೆ, ಜಿನುಗುತ್ತೆ, ಒಂದೊಂದು ಕಡೆ ಉಪ್ಪು ಕಟ್ಟಿ ಪೂರಾ ಮುಚ್ಚಿ ಹೋಗುತ್ತೆ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದಾಗ ಕಣ್ಣಿನ ನಾಳಕ್ಕೂ ಹೆಚ್ಚು ಕಡಿಮೆ ಇದೇ ಗತಿ. ನಾಳ ಮುಚ್ಚಿದ ಕಡೆ ರೆಟಿನಾಗೆ ಆಮ್ಲಜನಕ ಸಿಗಲ್ಲ. ಆಗ ಅದು ಹೊಸ ನಾಳ ಬೆಳೆಸಿಕೊಳ್ಳುತ್ತೆ. ಆ ಹೊಸ ನಾಳಗಳು ಬಲಹೀನ, ಒಂದು ದಿನ ಒಡೆದು ಕಣ್ಣೊಳಗೆಲ್ಲ ರಕ್ತ ತುಂಬಿಕೊಳ್ಳುತ್ತೆ.

ಇಷ್ಟೆಲ್ಲ ಆಗೋಕೆ ವರ್ಷಗಳು ಹಿಡಿಯುತ್ತೆ. ಅಷ್ಟೂ ಕಾಲ ನೋವಿಲ್ಲ, ಕೆಂಪಿಲ್ಲ, ನೀರು ಸುರಿಯಲ್ಲ. ರೆಟಿನಾದ ಮಧ್ಯಭಾಗಕ್ಕೆ ನೀರು ಜಿನುಗೋವರೆಗೂ ಮನುಷ್ಯ ಬೋರ್ಡಿನ ಕಡೇ ಸಾಲು ಕೂಡ ಓದಬಲ್ಲ. 6/6 ಅಂತ ಚೀಟಿಯಲ್ಲಿ ಬರೆಸಿಕೊಂಡವನ ಕಣ್ಣೊಳಗೆ ಕಾಯಿಲೆ ಕೊನೇ ಹಂತಕ್ಕೆ ಹತ್ತಿರ ಬಂದಿರಬಹುದು. ‘ಕಾಣ್ತಿದೆಯಲ್ಲ, ಯಾಕೆ ಆಸ್ಪತ್ರೆ’ ಅನ್ನೋ ಮಾತು ಬೇರೆ ಎಷ್ಟೋ ಕಾಯಿಲೆಗೆ ಸರಿಯಿರಬಹುದು, ಇದಕ್ಕೆ ಸರಿಯಿಲ್ಲ.

ನಮ್ಮ ಚಿಕ್ಕಮ್ಮ ಪೌರಕಾರ್ಮಿಕರು. ಶುಗರ್ ಬಂದು ಹನ್ನೊಂದು ವರ್ಷ ಆಗಿತ್ತು, ಗುಳಿಗೆ ನುಂಗ್ತಿದ್ರು. ಒಂದು ಶಿಬಿರಕ್ಕೆ ಹೋಗಿದ್ರು, ಬೋರ್ಡಲ್ಲಿ ತೋರಿಸಿದ್ದನ್ನೆಲ್ಲ ಸರಿಯಾಗಿ ಹೇಳಿದ್ರು, ಹತ್ತಿರ ನೋಡೋಕೆ ಒಂದು ಕನ್ನಡಕ ಕೊಟ್ರು. ಒಂದೂವರೆ ವರ್ಷ ಆದ ಮೇಲೆ ಬೆಳಗಿನ ಜಾವ ಬಸ್ ಸ್ಟ್ಯಾಂಡ್ ರಸ್ತೆ ಗುಡಿಸ್ತಾ ಇರುವಾಗ ಎಡಗಣ್ಣೊಳಗೆ ಮಸಿ ಸುರಿದ ಹಾಗೆ ಆಯ್ತಂತೆ. ಧೂಳು ಬಿತ್ತು ಅಂದ್ಕೊಂಡು ನೀರು ಹಾಕಿ ತೊಳ್ಕೊಂಡಿದ್ದಾರೆ. ಮೂರು ದಿನ ಕೆಲಸಕ್ಕೂ ಹೋಗಿದ್ದಾರೆ, ರಜೆ ಹಾಕಿದ್ರೆ ಮೇಸ್ತ್ರಿ ಏನಂತಾನೋ ಅಂತ. ಕೊನೆಗೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದಾಗ ಡಾಕ್ಟ್ರು ಎರಡೂ ಕಣ್ಣಿಗೆ ಡ್ರಾಪ್ಸ್ ಹಾಕಿ ನೋಡಿ, ಎರಡರಲ್ಲೂ ಇದೆ, ಬಲಗಣ್ಣಾದ್ರೂ ಉಳಿಸ್ಕೊಳ್ಳೋಣ ಅಂದ್ರು. ಚಿಕ್ಕಮ್ಮ ಅವರನ್ನ ಕೇಳಿದ್ದು ಒಂದೇ ಮಾತು: ‘ಬೋರ್ಡು ಎಲ್ಲಾ ಹೇಳಿದ್ನಲ್ಲ ಸಾ, ಪಾಸಾಗಿದ್ದೆನಲ್ಲ?’

ಆ ಮಾತು ನನಗೆ ಇನ್ನೂ ಕಿವಿಯಲ್ಲಿದೆ.

ಬೋರ್ಡಿನ ವಿಷಯ ಬಂತು ಅಂತ ಇನ್ನೊಂದು ಹೇಳ್ತೀನಿ. ಅಕ್ಷರ ಇರೋ ಬೋರ್ಡನ್ನ ಅಕ್ಷರ ಬಾರದವರ ಮುಂದೆ ಇಡೋದು ನಿಲ್ಲಬೇಕು. ನಮ್ಮ ತಾಯಂದಿರು ‘ಓದೋಕೆ ಬರಲ್ಲ’ ಅಂತ ಹತ್ತು ಜನರ ಮುಂದೆ ಹೇಳೋಕೆ ನಾಚಿಕೆ ಪಟ್ಟು ‘ಕಾಣಲ್ಲ’ ಅಂತಾರೆ. ಅದನ್ನೇ ದೃಷ್ಟಿದೋಷ ಅಂತ ಬರೆದುಕೊಂಡು ಹುಡುಗರು ಮುಂದಕ್ಕೆ ಕಳಿಸ್ತಾರೆ. ಶಾಲೆ ಮೆಟ್ಟಿಲು ಹತ್ತೋಕೆ ಬಿಡದೇ ಇದ್ದ ಸಮಾಜ ಎಪ್ಪತ್ತು ವರ್ಷ ಆದ ಮೇಲೆ ಕಣ್ಣಿನ ಪರೀಕ್ಷೆಯಲ್ಲೂ ಫೇಲ್ ಮಾಡುತ್ತೆ. ಇದಕ್ಕೆ ಅಂತಲೇ ‘ಇ’ ಆಕಾರದ ಬೋರ್ಡು ಇದೆ. ಬಾಯಿ ಯಾವ ಕಡೆ ತೆರೆದಿದೆ ಅಂತ ಬೆರಳಲ್ಲಿ ತೋರಿಸಿದ್ರೆ ಸಾಕು. ಎಲ್ಲ ಆಸ್ಪತ್ರೆಯಲ್ಲೂ ಇರುತ್ತೆ, ತರೋಕೆ ಹೇಳಬೇಕು ಅಷ್ಟೆ.

ಹಾಗಾದ್ರೆ ಸರಿಯಾದ ಪರೀಕ್ಷೆ ಯಾವುದು? ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ರೆಟಿನಾ ನೋಡೋದು. ಇಲ್ಲ ಅಂದ್ರೆ ಫಂಡಸ್ ಕ್ಯಾಮೆರಾದಲ್ಲಿ ರೆಟಿನಾದ ಫೋಟೋ ತೆಗೆಯೋದು. ನನಗೂ ಆರು ವರ್ಷದಿಂದ ಶುಗರ್ ಇದೆ, ವರ್ಷಕ್ಕೊಂದು ಸಲ ಮಾಡಿಸ್ತೀನಿ. ಹೆದರೋ ಅಂಥದ್ದು ಏನೂ ಇಲ್ಲ. ಡ್ರಾಪ್ಸ್ ಸ್ವಲ್ಪ ಉರಿಯುತ್ತೆ. ಅರ್ಧ ಗಂಟೆ ಕಣ್ಣು ಮುಚ್ಚಿ ಕೂತಿರಬೇಕು. ಆಮೇಲೆ ಡಾಕ್ಟ್ರು ತಲೆಗೆ ಲೈಟು ಕಟ್ಟಿಕೊಂಡು ಮೇಲೆ ನೋಡಿ, ಕೆಳಗೆ ನೋಡಿ, ಮೂಗು ನೋಡಿ ಅಂತಾರೆ, ಬೆಳಕು ಜೋರಾಗಿ ಹೊಡೆಯುತ್ತೆ. ಹತ್ತು ನಿಮಿಷದ ಕೆಲಸ. ಹೊರಗೆ ಬಂದ್ರೆ ಬಿಸಿಲು ಚುಚ್ಚುತ್ತೆ, ನಾಲ್ಕರಿಂದ ಆರು ಗಂಟೆ ಹತ್ತಿರದ್ದು ಮಂಜು ಮಂಜು. ಬೈಕ್ ಓಡಿಸೋ ಹಾಗಿಲ್ಲ. ನಾನು ಆ ದಿನ ಸಿಎಲ್ ಹಾಕಿ ಬಸ್ಸಲ್ಲಿ ಹೋಗ್ತೀನಿ, ಮಗನ್ನ ಕರ್ಕೊಂಡು.

ಇಲ್ಲೇ ಇರೋದು ವಿಷಯ. ನನಗೆ ಸಿಎಲ್ ಇದೆ. ಗಾರೆ ಕೆಲಸದವನಿಗೆ ಯಾವ ಸಿಎಲ್? ಅವನು ಒಂದು ದಿನದ ಕೂಲಿ ಬಿಡಬೇಕು. ಜೊತೆಗೆ ಬರೋ ಹೆಂಡತಿಯೋ ಮಗನೋ ಅವರ ಕೂಲಿಯನ್ನೂ ಬಿಡಬೇಕು. ಬಸ್ ಚಾರ್ಜು (ಹೆಂಗಸರಿಗೆ ಶಕ್ತಿ ಯೋಜನೆ ಇದೆ, ಗಂಡಸರಿಗೆ ಇಲ್ಲ), ಮಧ್ಯಾಹ್ನದ ಊಟ. ಇಷ್ಟೆಲ್ಲ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋದ್ರೆ ‘ಕಣ್ಣಿನ ಡಾಕ್ಟ್ರು ಇವತ್ತು ಆಪರೇಷನ್ ಡ್ಯೂಟಿ, ಗುರುವಾರ ಬನ್ನಿ’. ಗುರುವಾರ ಹೋದ್ರೆ ‘ರೆಟಿನಾ ಡಾಕ್ಟ್ರು ಇಲ್ಲಿ ಇಲ್ಲ, ಜಿಲ್ಲೆಗೆ ಹೋಗಿ, ಇಲ್ಲ ಬೆಂಗಳೂರಿಗೆ ಹೋಗಿ’. ಕಣ್ಣು ಚೆನ್ನಾಗಿ ಕಾಣ್ತಿರುವಾಗ ಯಾರು ಇಷ್ಟು ಅಲೀತಾರೆ? ಆಮೇಲೆ ‘ನಮ್ಮ ಜನಕ್ಕೆ ಅರಿವಿಲ್ಲ’ ಅಂತ ಭಾಷಣ ಮಾಡೋರು ಮಾಡ್ತಾರೆ. ಅರಿವಿಲ್ಲ ಅನ್ನೋ ಮಾತು ಕೇಳಿದ್ರೆ ನನಗೆ ಮೈ ಉರಿಯುತ್ತೆ. ಎರಡು ಕೂಲಿಯ ಲೆಕ್ಕ ಅವರಿಗೆ ಚೆನ್ನಾಗೇ ಗೊತ್ತು.

ಯಾವಾಗ ಮಾಡಿಸಬೇಕು ಅನ್ನೋದನ್ನೂ ಹೇಳಿಬಿಡ್ತೀನಿ. ದೊಡ್ಡವರಲ್ಲಿ ಸಾಮಾನ್ಯವಾಗಿ ಬರೋದು ಟೈಪ್ 2. ಅದು ಗೊತ್ತಾದ ದಿನವೇ ಮೊದಲ ರೆಟಿನಾ ಪರೀಕ್ಷೆ ಆಗಬೇಕು. ಯಾಕಂದ್ರೆ ನಮಗೆ ಗೊತ್ತಾಗೋ ಮುಂಚೆಯೇ ಅದು ಎಷ್ಟೋ ವರ್ಷದಿಂದ ಮೈಯಲ್ಲಿ ಕೂತಿರುತ್ತೆ. ಆಮೇಲೆ ವರ್ಷಕ್ಕೊಂದು ಸಲ. ಕಾಯಿಲೆ ಕಂಡ್ರೆ ಡಾಕ್ಟ್ರು ಹೇಳಿದ ಹಾಗೆ ಇನ್ನೂ ಬೇಗ ಬೇಗ. ಸಕ್ಕರೆ ಕಾಯಿಲೆ ಇರೋ ಹೆಣ್ಣುಮಗಳು ಬಸುರಿ ಆದ್ರೆ ಮೊದಲ ಮೂರು ತಿಂಗಳಲ್ಲೇ ನೋಡಿಸಬೇಕು, ಆ ಸಮಯದಲ್ಲಿ ಇದು ಜೋರಾಗಬಹುದು. ಬಿಪಿ ಇದ್ರಂತೂ ಅದನ್ನೂ ಹಿಡಿತದಲ್ಲಿ ಇಟ್ಕೊಬೇಕು. ಕಣ್ಣಿನ ನಾಳಕ್ಕೆ ಸಕ್ಕರೆ ಒಂದು ಕಡೆ, ಬಿಪಿ ಇನ್ನೊಂದು ಕಡೆ.

ಕನ್ನಡಕದ ವಿಷಯ ಇದೆಯಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ರಕ್ತದಲ್ಲಿ ಸಕ್ಕರೆ ಏರಿಳಿತ ಆದಾಗ ಕಣ್ಣಿನ ಮಸೂರದಲ್ಲಿ ನೀರಿನ ಪ್ರಮಾಣ ಬದಲಾಗಿ ನಂಬರೂ ಬದಲಾಗುತ್ತೆ. ಶುಗರ್ 300 ಇರೋ ದಿನ ಶಿಬಿರದಲ್ಲಿ ನಂಬರ್ ತೆಗೆಸಿ ಕನ್ನಡಕ ಮಾಡಿಸಿದ್ರೆ, ಗುಳಿಗೆ ಸರಿಯಾಗಿ ತಗೊಂಡು ಶುಗರ್ ಇಳಿದ ಮೇಲೆ ಆ ಕನ್ನಡಕ ಹೊಂದಲ್ಲ. ‘ಪುಕ್ಕಟೆ ಕನ್ನಡಕ ಅಲ್ವಾ, ಹಿಂಗೇ’ ಅಂತ ಮೂಲೆಗೆ ಹಾಕ್ತಾರೆ. ಕನ್ನಡಕದ ತಪ್ಪಲ್ಲ ಅದು, ಅಳತೆ ತಗೊಂಡ ದಿನದ ತಪ್ಪು. ಶುಗರ್ ಕೆಲವು ವಾರ ಒಂದು ಹದಕ್ಕೆ ನಿಂತ ಮೇಲೆ ನಂಬರ್ ತೆಗೆಸಬೇಕು. ಇದರ ಉಲ್ಟಾ ಕೂಡ ನಡೆಯುತ್ತೆ. ನಲವತ್ತೈದು ದಾಟಿ ಚಾಳೀಸು ಬಂದವರಿಗೆ ಇದ್ದಕ್ಕಿದ್ದ ಹಾಗೆ ಕನ್ನಡಕ ಇಲ್ಲದೇ ಪೇಪರ್ ಓದೋಕೆ ಬರುತ್ತೆ. ನಮ್ಮ ಪಕ್ಕದ ಬೀದಿಯ ಮೇಷ್ಟ್ರೊಬ್ಬರು ‘ಕ್ಯಾರೆಟ್ ತಿಂದು ಕಣ್ಣು ಸರಿ ಆಯ್ತು’ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ರು. ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ನಾನೂರರ ಹತ್ತಿರ. ವಯಸ್ಸಾದ ಮೇಲೆ ಹತ್ತಿರದ್ದು ಇದ್ದಕ್ಕಿದ್ದಂತೆ ಚೆನ್ನಾಗಿ ಕಂಡ್ರೆ ಖುಷಿ ಪಡೋ ಮುಂಚೆ ಒಂದು ಶುಗರ್ ಟೆಸ್ಟ್ ಮಾಡಿಸಿ.

ಇನ್ನು ಲೇಸರ್. ನಮ್ಮ ಕೇರಿಗಳಲ್ಲಿ ಲೇಸರ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿದೆ: ‘ಲೇಸರ್ ಮಾಡಿಸಿದ್ರೆ ಇರೋ ಕಣ್ಣೂ ಹೋಗುತ್ತೆ.’ ಇದು ಸುಮ್ಮನೆ ಹುಟ್ಟಿದ ಸುಳ್ಳಲ್ಲ, ಅದಕ್ಕೇ ಇದನ್ನ ಬೈಗುಳದಿಂದ ಓಡಿಸೋಕಾಗಲ್ಲ. ಹೊಸ ನಾಳ ಬೆಳೆದಿರೋ ಕಣ್ಣಿಗೆ ಮಾಡೋ ಲೇಸರ್ ಅಂದ್ರೆ ರೆಟಿನಾದ ಅಂಚಿನ ಭಾಗವನ್ನ ಸಣ್ಣ ಸಣ್ಣ ಚುಕ್ಕೆಗಳಾಗಿ ಸುಡೋದು. ಅಂಚನ್ನ ಕೊಟ್ಟು ನಡುವನ್ನ ಉಳಿಸ್ಕೊಳ್ಳೋದು. ಆದ್ದರಿಂದ ಮಾಡಿಸಿದ ಮೇಲೆ ಮಬ್ಬು ಬೆಳಕಲ್ಲಿ ನೋಟ ಸ್ವಲ್ಪ ಕಮ್ಮಿ ಆಗಬಹುದು, ಪಕ್ಕದ ನೋಟ ಕುಗ್ಗಬಹುದು. ಆಗಲೇ ಹೋಗಿರೋ ದೃಷ್ಟಿ ಇದರಿಂದ ವಾಪಸ್ ಬರಲ್ಲ. ಪೊರೆ ಆಪರೇಷನ್ ಆದವರು ಮಾರನೇ ದಿನ ಪಟ್ಟಿ ಬಿಚ್ಚಿ ‘ಎಲ್ಲಾ ಕಾಣ್ತಿದೆ’ ಅಂತಾರೆ. ಲೇಸರ್ ಆದವರು ಅದೇ ಆಸೆ ಇಟ್ಕೊಂಡು ಮನೆಗೆ ಬರ್ತಾರೆ, ಏನೂ ಸುಧಾರಿಸಿಲ್ಲ, ರಾತ್ರಿ ಎಡವ್ತಾರೆ. ಅವರು ಬೀದಿಯಲ್ಲಿ ಏನು ಹೇಳ್ತಾರೆ? ಕಣ್ಣು ಹಾಳು ಮಾಡಿದ್ರು ಅಂತಲೇ ಹೇಳ್ತಾರೆ. ‘ಇದು ಇರೋದನ್ನ ಉಳಿಸೋಕೆ ಮಾಡ್ತಿರೋದಮ್ಮ, ಹೋದದ್ದನ್ನ ತರೋಕಲ್ಲ, ಕತ್ತಲಲ್ಲಿ ಸ್ವಲ್ಪ ತೊಂದರೆ ಆಗುತ್ತೆ, ಆದ್ರೆ ಇದನ್ನ ಮಾಡದೇ ಹೋದ್ರೆ ಪೂರಾ ಹೋಗುತ್ತೆ’ ಅಂತ ಅವರದೇ ಮಾತಲ್ಲಿ ಎರಡು ನಿಮಿಷ ಕೂತು ಹೇಳೋರು ಇರಲ್ಲ. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸ್ಕೊಂಡು ಒಳಗೆ ಕರ್ಕೊಂಡು ಹೋಗ್ತಾರೆ. ನಮ್ಮ ಜನದ ಜೊತೆ ಮಾತಾಡೋಕೆ ಯಾಕೆ ಇಷ್ಟು ಜಿಪುಣತನ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಲೇಸರ್ ಒಂದೇ ಅಲ್ಲ. ರೆಟಿನಾದ ನಡುವೆ ನೀರು ತುಂಬಿದ್ರೆ ಕಣ್ಣಿಗೆ ಇಂಜೆಕ್ಷನ್ ಕೊಡ್ತಾರೆ, ಶುರುವಲ್ಲಿ ತಿಂಗಳಿಗೊಂದರಂತೆ. ಅದರಿಂದ ಎಷ್ಟೋ ಜನಕ್ಕೆ ನೋಟ ಸುಧಾರಿಸುತ್ತೆ. ಕೆಲವು ಔಷಧಿ ದುಬಾರಿ, ಬೆವಾಸಿಜುಮಾಬ್ ಅನ್ನೋದು ಕಡಿಮೆ ಬೆಲೆಯದ್ದು. ರಕ್ತ ತುಂಬಿ ಕರಗದೇ ಇದ್ರೆ ಆಪರೇಷನ್ನೂ ಇದೆ. ಚಿಕ್ಕಮ್ಮನ ಬಲಗಣ್ಣು ಲೇಸರ್ ಮತ್ತು ಇಂಜೆಕ್ಷನ್ ಎರಡರಿಂದ ಉಳಿದಿದೆ. ಎಡಗಣ್ಣು ಉಳಿಯಲಿಲ್ಲ.

ಇದೆಲ್ಲ ಶ್ರೀಮಂತರ ಕಾಯಿಲೆ, ನಮಗ್ಯಾಕೆ ಅನ್ನೋರು ಇನ್ನೂ ಇದ್ದಾರೆ. ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನ 2023ರಲ್ಲಿ ಹೊರಬಂತು. ದೇಶದಲ್ಲಿ 10 ಕೋಟಿಗಿಂತ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ಅದು ಲೆಕ್ಕ ಹಾಕಿತು. 10 ಕೋಟಿ ಶ್ರೀಮಂತರು ಈ ದೇಶದಲ್ಲಿ ಎಲ್ಲಿದ್ದಾರೆ ಹೇಳಿ! ಕೇಂದ್ರ ಸರ್ಕಾರವೇ 2015ರಿಂದ 2019ರವರೆಗೆ ಮಾಡಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 50 ವರ್ಷ ದಾಟಿದ ಸಕ್ಕರೆ ಕಾಯಿಲೆಯವರಲ್ಲಿ ಶೇ 16.9 ಜನರ ರೆಟಿನಾಗೆ ಪೆಟ್ಟು ಬಿದ್ದಿದ್ದು ಕಂಡುಬಂತು. ಅಂದ್ರೆ ಆರು ಜನಕ್ಕೆ ಒಬ್ಬರು. ಅದೇ ಸಮೀಕ್ಷೆಯ ಇನ್ನೊಂದು ಸಂಗತಿ ನನಗೆ ಹೆಚ್ಚು ಕುಟುಕಿದ್ದು: ಶುಗರ್ ಇದೆ ಅಂತ ಗೊತ್ತಿದ್ದವರಲ್ಲೇ ಹತ್ತರಲ್ಲಿ ಒಂಬತ್ತು ಜನ ಒಮ್ಮೆಯೂ ರೆಟಿನಾ ಪರೀಕ್ಷೆ ಮಾಡಿಸಿರಲಿಲ್ಲ.

ಆಗದ ಕೆಲಸ ಇದು ಅನ್ನೋರಿಗೆ ಒಂದು ಉದಾಹರಣೆ. ಇಂಗ್ಲೆಂಡಿನಲ್ಲಿ 2003ರಿಂದ ಸಕ್ಕರೆ ಕಾಯಿಲೆ ಇರೋ ಪ್ರತಿಯೊಬ್ಬರನ್ನೂ ಸರ್ಕಾರವೇ ಪತ್ರ ಬರೆದು ಕರೆದು ರೆಟಿನಾ ಫೋಟೋ ತೆಗೆಯೋಕೆ ಶುರು ಮಾಡ್ತು. ದುಡಿಯೋ ವಯಸ್ಸಿನವರ ಕುರುಡುತನಕ್ಕೆ ಅಲ್ಲಿ ಐವತ್ತು ವರ್ಷ ಕಾಲ ಮೊದಲ ಕಾರಣ ಆಗಿದ್ದದ್ದು ಸಕ್ಕರೆ ಕಾಯಿಲೆಯ ಕಣ್ಣೇ. 2009-10ರ ಲೆಕ್ಕ ನೋಡಿದಾಗ ಅದು ಮೊದಲ ಸ್ಥಾನದಿಂದ ಕೆಳಗೆ ಇಳಿದಿತ್ತು. ಅಷ್ಟು ದೂರ ಯಾಕೆ, ಪಕ್ಕದ ಕೇರಳದಲ್ಲಿ ‘ನಯನಾಮೃತಂ’ ಅಂತ ಕಾರ್ಯಕ್ರಮ ಇದೆ. ಕುಟುಂಬ ಆರೋಗ್ಯ ಕೇಂದ್ರದಲ್ಲೇ ಸಿಸ್ಟರ್‌ಗಳಿಗೆ ತರಬೇತಿ ಕೊಟ್ಟು ಫೋಟೋ ತೆಗೆಸ್ತಾರೆ, ದೂರದಲ್ಲಿರೋ ತಜ್ಞರು ನೋಡಿ ಹೇಳ್ತಾರೆ. ನಮ್ಮ ಕರ್ನಾಟಕದಲ್ಲೂ ಇಂಥದ್ದು ಆಗಿದೆ, ಆದ್ರೆ ಹಸುಗೂಸುಗಳಿಗೆ. ತಿಂಗಳು ತುಂಬೋ ಮುಂಚೆ ಹುಟ್ಟಿದ ಮಕ್ಕಳ ರೆಟಿನಾ ಫೋಟೋ ತೆಗೆಯೋಕೆ 2008ರಿಂದ ‘ಕಿಡ್‌ರಾಪ್’ ಅನ್ನೋ ಕಾರ್ಯಕ್ರಮದಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತುಕೊಂಡು ಜಿಲ್ಲೆಗಳಿಗೆ ಹೋಗ್ತಾರೆ, ಫೋಟೋಗಳನ್ನ ಬೆಂಗಳೂರಿನ ಡಾಕ್ಟ್ರು ನೋಡ್ತಾರೆ. ಒಂದೂವರೆ ಕೆಜಿ ಮಗುವಿನ ಕಣ್ಣೊಳಗಿನ ಫೋಟೋ ತೆಗೆಯೋಕೆ ಆಗುತ್ತೆ ಅಂದ ಮೇಲೆ ಅದರ ಅಜ್ಜಿಯ ಕಣ್ಣಿನದು ಯಾಕೆ ಆಗಲ್ಲ? ಮೊಬೈಲ್ ಫೋನಿಗೆ ಜೋಡಿಸೋ ಸಣ್ಣ ಫಂಡಸ್ ಕ್ಯಾಮೆರಾಗಳು ನಮ್ಮ ಬೆಂಗಳೂರಲ್ಲೇ ತಯಾರಾಗ್ತಿವೆ. ಕೆಲವದಕ್ಕೆ ಡ್ರಾಪ್ಸ್ ಕೂಡ ಹಾಕಬೇಕಾಗಿಲ್ಲ. ಪೊರೆ ಬಲಿತವರಿಗೆ, ಪಾಪೆ ತೀರಾ ಸಣ್ಣ ಇರೋರಿಗೆ ಮಾತ್ರ ಫೋಟೋ ಸರಿಯಾಗಿ ಬರಲ್ಲ, ಅವರನ್ನ ಮುಂದಕ್ಕೆ ಕಳಿಸಬೇಕು. ಉಳಿದವರು ಫೋಟೋ ತೆಗೆಸ್ಕೊಂಡು ನೆಟ್ಟಗೆ ಕೆಲಸಕ್ಕೆ ಹೋಗಬಹುದು. ಎರಡು ಕೂಲಿಯ ಪ್ರಶ್ನೆ ಅಲ್ಲಿಗೆ ಬಹುಪಾಲು ಮುಗೀತು.

ನಮ್ಮ ಸರ್ಕಾರ ಏನೂ ಮಾಡ್ತಿಲ್ಲ ಅಂತ ಹೇಳಲ್ಲ. 2024ರಲ್ಲಿ ಕೋಲಾರದಿಂದ ‘ಗೃಹ ಆರೋಗ್ಯ’ ಶುರುವಾಯ್ತು, ಮನೆ ಮನೆಗೆ ಹೋಗಿ ಶುಗರ್, ಬಿಪಿ ನೋಡ್ತಾರೆ. ‘ಆಶಾಕಿರಣ’ದಲ್ಲಿ ಮನೆ ಬಾಗಿಲಿಗೆ ಬಂದು ಕಣ್ಣು ನೋಡಿ ಕನ್ನಡಕ ಕೊಡ್ತಾರೆ. ಎರಡೂ ಒಳ್ಳೇ ಕೆಲಸ. ಗುಮಾಸ್ತನಾಗಿ ನನಗೆ ಕಾಣೋದು ಏನಂದ್ರೆ, ಇವೆರಡೂ ಬೇರೆ ಬೇರೆ ಕಡತ. ಶುಗರ್ ಕಡತದವರು ಗುಳಿಗೆ ಕೊಟ್ಟು ಕೈ ತೊಳ್ಕೋತಾರೆ. ಕಣ್ಣಿನ ಕಡತದವರ ಗಮನ ಪೊರೆ, ಕನ್ನಡಕ. ಶುಗರ್ ಇರೋ ಮನುಷ್ಯನ ರೆಟಿನಾ ಈ ಎರಡು ಕಡತಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗಿದೆ. ಪಿಎಚ್‌ಸಿಯಲ್ಲಿ ಶುಗರ್ ಗುಳಿಗೆ ಕೊಡೋ ದಿನವೇ, ಅದೇ ಕ್ಯೂನಲ್ಲಿ, ಅದೇ ರಿಜಿಸ್ಟರಿನಲ್ಲಿ ‘ರೆಟಿನಾ ಫೋಟೋ ತೆಗೆದ ದಿನಾಂಕ’ ಅಂತ ಒಂದು ಕಲಂ ಹೆಚ್ಚಿಗೆ ಹಾಕಿ. ಕಲಂ ಖಾಲಿ ಇದ್ರೆ ಯಾಕೆ ಖಾಲಿ ಅಂತ ಮೇಲಿನವರು ಕೇಳಲಿ. ಸರ್ಕಾರಿ ಕಚೇರಿಯಲ್ಲಿ ಖಾಲಿ ಕಲಮ್ಮಿಗೆ ಇರೋ ಶಕ್ತಿ ಹೊರಗಿನವರಿಗೆ ಗೊತ್ತಿಲ್ಲ.

ದುಡ್ಡು ಎಲ್ಲಿಂದ ಅಂತೀರಾ? 2013ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂತು. ನಮ್ಮ ಪಾಲಿನ ಹಣವನ್ನ ಬೇರೆ ಕಡೆ ತಿರುಗಿಸೋಕೆ ದಾರಿಯಾಗಿದ್ದ 7ಡಿ ಕಲಂ ತೆಗೆಸೋಕೆ ವರ್ಷಗಟ್ಟಲೆ ಬೀದಿಗಿಳಿದ್ವಿ, 2023ರಲ್ಲಿ ತೆಗೆದ್ರು. ನಗರಸಭೆ, ಪುರಸಭೆಯ ಶೇ 24.10ರ ನಿಧಿ ನಮಗೆಲ್ಲ ಬಾಯಿಪಾಠ. ಆ ಹಣದಲ್ಲಿ ನಾವು ಕೇಳೋದು ಏನು? ಕಾಂಕ್ರೀಟ್ ರಸ್ತೆ, ಚರಂಡಿ, ಭವನಕ್ಕೆ ಕಾಂಪೌಂಡು, ಕಾಂಪೌಂಡಿಗೆ ಗೇಟು, ಗೇಟಿಗೆ ಕಮಾನು. ರಸ್ತೆ ಬೇಡ ಅಂತಲ್ಲ. ಒಂದು ಸಲ ಕ್ಯಾಮೆರಾ ಕೇಳಿ ನೋಡಿ. ಪೌರಕಾರ್ಮಿಕರಿಗೆ ಮಾಸ್ಟರ್ ಹೆಲ್ತ್ ಚೆಕಪ್ ಅಂತ ಮಾಡ್ತಾರಲ್ಲ, ಅದರಲ್ಲಿ ಶುಗರ್ ಇರೋರಿಗೆ ರೆಟಿನಾ ಫೋಟೋ ಕಡ್ಡಾಯ ಮಾಡಿ ಅಂತ ಕೇಳಿ. ಆ ದಿನದ ಹಾಜರಿ ಕಡಿಯಬಾರದು ಅಂತಲೂ ಬರೆಸಿ, ಇಲ್ದಿದ್ರೆ ಯಾರೂ ಹೋಗಲ್ಲ.

ನನ್ನ ಟೇಬಲ್ಲಿಗೆ ಪಿಂಚಣಿ ಅರ್ಜಿಗಳು ಬರ್ತಾವೆ. ವಿಕಲಚೇತನರ ಮಾಸಾಶನಕ್ಕೆ, ಯುಡಿಐಡಿ ಕಾರ್ಡಿನ ಜೆರಾಕ್ಸ್ ಲಗತ್ತಿಸಿದ ಅರ್ಜಿಗಳು. ನಲವತ್ತೆಂಟು ವರ್ಷ, ಐವತ್ತೆರಡು ವರ್ಷ, ದೃಷ್ಟಿ ಮಾಂದ್ಯ, ಎರಡೂ ಕಣ್ಣು. ಹುಟ್ಟಿನಿಂದ ಅಲ್ಲ. ಮಗಳ ಭುಜ ಹಿಡ್ಕೊಂಡು ಕಚೇರಿ ಮೆಟ್ಟಿಲು ಹತ್ತೋ ಇವರನ್ನ ‘ಶುಗರ್ ಇತ್ತಾ ಅಣ್ಣಾ’ ಅಂತ ಕೇಳಿದ್ರೆ ಎಷ್ಟೋ ಸಲ ‘ಹೂಂ ಸ್ವಾಮಿ, ಬಾಳ ದಿವಸದಿಂದ’ ಅಂತಾರೆ. ಕಣ್ಣು ಹೋದ ಮೇಲೆ ತಿಂಗಳು ತಿಂಗಳು ಸಾಯೋತನಕ ಪಿಂಚಣಿ ಕೊಡೋಕೆ ಲೆಕ್ಕ ಶೀರ್ಷಿಕೆ ಇದೆ. ಕಣ್ಣು ಹೋಗದ ಹಾಗೆ ವರ್ಷಕ್ಕೊಂದು ಫೋಟೋ ತೆಗೆಯೋಕೆ ಇಲ್ಲ. ಮಂಜೂರಾತಿ ಆದೇಶ ಟೈಪ್ ಮಾಡುವಾಗ ಪ್ರತಿ ಸಲ ಇದೇ ಯೋಚನೆ ಬರುತ್ತೆ.

ಶಿಬಿರದ ನೆನಪು ನಮ್ಮ ನಾಡಿನಲ್ಲಿ ಬಹಳ ಆಳವಾಗಿದೆ ಅಂತ ನನಗೆ ಗೊತ್ತು. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರು ತಿರುಗಿ ಶಾಲೆ, ಛತ್ರಗಳಲ್ಲಿ ಲಕ್ಷಗಟ್ಟಲೆ ಬಡವರ ಪೊರೆ ತೆಗೆದ್ರು. ನಮ್ಮ ಅಜ್ಜಂದಿರು ‘ಮೋದಿ ಡಾಕ್ಟ್ರು’ ಅಂತ ಕೈ ಮುಗೀತಿದ್ದದ್ದು ಅವರಿಗೆ. (ಈಗಿನ ಹುಡುಗರು ಗಾಬರಿ ಆಗಬೇಡಿ, ಇವರು ಬೇರೆ.) ಆ ಮಹಾನುಭಾವರ ಶಿಬಿರದಿಂದ ನಮ್ಮ ತಲೆಯಲ್ಲಿ ಒಂದು ಚಿತ್ರ ಉಳಿದಿದೆ: ಕಣ್ಣಿನ ಕಾಯಿಲೆ ಅಂದ್ರೆ ಪೊರೆ, ಚಿಕಿತ್ಸೆ ಅಂದ್ರೆ ಒಂದು ದಿನದ ಶಿಬಿರ. ಪೊರೆಗೆ ಅದು ಸಾಕು, ಒಂದು ಸಲ ತೆಗೆದ್ರೆ ಆಯ್ತು. ಸಕ್ಕರೆ ಕಾಯಿಲೆಯ ಕಣ್ಣಿಗೆ ಪ್ರತಿ ವರ್ಷ ತಪ್ಪದೇ ಕರೆಯೋ ವ್ಯವಸ್ಥೆ ಬೇಕು.

ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು ಅನ್ನೋದು ನಮ್ಮಲ್ಲೇ ಎಷ್ಟೋ ಯುವಕರಿಗೆ ಗೊತ್ತಿಲ್ಲ. 1948ರ ಹೊತ್ತಿಗೆ, ಸಂವಿಧಾನದ ಕರಡಿನ ಕೆಲಸ ನಡೀತಿದ್ದಾಗಲೇ, ಅದು ಅವರನ್ನ ಹಣ್ಣು ಮಾಡಿತ್ತು. ಮಾಯಿಸಾಹೇಬರು, ಸ್ವತಃ ಡಾಕ್ಟರ್ ಆಗಿದ್ದವರು, ಅವರ ಕೈ ಹಿಡಿದದ್ದು ಅದೇ ವರ್ಷ ಏಪ್ರಿಲ್ 15ರಂದು. 1954ರಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಾಬಾಸಾಹೇಬರು ಹಾಸಿಗೆ ಹಿಡಿದಿದ್ರು, ಆ ಹೊತ್ತಿಗೆ ಕಣ್ಣಿನ ನೋಟವೂ ಕುಂದಿತ್ತು. ಪುಸ್ತಕ ಇಡೋಕೆ ಅಂತಲೇ ದಾದರ್‌ನಲ್ಲಿ ರಾಜಗೃಹ ಕಟ್ಟಿಸಿದ ಮನುಷ್ಯ ಅವರು. ಕಣ್ಣು ಮಂಕಾಗೋದು ಅಂಥವರಿಗೆ ಏನು ಅನ್ನಿಸಿರಬಹುದು? ಆದರೂ ‘ಬುದ್ಧ ಮತ್ತು ಆತನ ಧಮ್ಮ’ದ ಕೆಲಸವನ್ನ 1956ರ ಡಿಸೆಂಬರ್ 5ರ ರಾತ್ರಿಯವರೆಗೂ ಬಿಡಲಿಲ್ಲ. ಆಗ ಲೇಸರ್ ಇರಲಿಲ್ಲ, ಕಣ್ಣಿಗೆ ಕೊಡೋ ಇಂಜೆಕ್ಷನ್ ಇರಲಿಲ್ಲ. ಈಗ ಎರಡೂ ಇವೆ, ಆದ್ರೆ ಅವರ ಹೆಸರಿನ ಭವನದಲ್ಲೇ ನಾವು ಬೋರ್ಡು ತೋರಿಸಿ ಕಳಿಸ್ತಿದೀವಿ.

ಈ ಸಲ ಶಿಬಿರ ಮಾಡೋ ಸಂಘಟನೆಯವರಿಗೆ ನನ್ನ ಕೋರಿಕೆ. ಆಸ್ಪತ್ರೆಯವರು ‘ನಾವೇ ಎಲ್ಲಾ ನೋಡ್ಕೋತೀವಿ ಸರ್’ ಅಂದ ಕೂಡಲೇ ಫ್ಲೆಕ್ಸ್ ಮುದ್ರಣಕ್ಕೆ ಕೊಡಬೇಡಿ. ಫಂಡಸ್ ಕ್ಯಾಮೆರಾ ತರ್ತೀರಾ ಅಂತ ಕೇಳಿ. ಇಲ್ಲ ಅಂದ್ರೆ ಡ್ರಾಪ್ಸ್ ಹಾಕಿ ರೆಟಿನಾ ನೋಡೋ ಡಾಕ್ಟ್ರು ಬರ್ತಾರಾ ಕೇಳಿ. ಬಾಗಿಲಲ್ಲೇ ಬೆರಳು ಚುಚ್ಚಿ ಶುಗರ್ ನೋಡಿ, ಇರೋರ ಹೆಸರನ್ನ ಬೇರೆ ಪುಸ್ತಕದಲ್ಲಿ ಬರೆಯಿರಿ. ಆ ದಿನ ಶುಗರ್ ತೀರಾ ಹೆಚ್ಚಿದ್ದವರಿಗೆ ಕನ್ನಡಕದ ನಂಬರ್ ಆಮೇಲೆ ತೆಗೆಯೋಣ ಅನ್ನಿ. ರೆಟಿನಾದಲ್ಲಿ ದೋಷ ಕಂಡವರನ್ನ ಯಾವ ಆಸ್ಪತ್ರೆಗೆ, ಯಾವ ದಿನ, ಯಾರು ಕರ್ಕೊಂಡು ಹೋಗ್ತಾರೆ ಅನ್ನೋದು ಅವತ್ತೇ ತೀರ್ಮಾನ ಆಗಲಿ. ನಮ್ಮ ಡಿಗ್ರಿ ಓದೋ ಹುಡುಗರು ಬೈಕ್ ರ‍್ಯಾಲಿಗೆ ಎಷ್ಟು ಚೆನ್ನಾಗಿ ಬರ್ತಾರೆ! ಅದರಲ್ಲಿ ಹತ್ತು ಜನ ತಿಂಗಳಿಗೊಂದು ಬೆಳಗ್ಗೆ ಒಬ್ಬೊಬ್ಬ ಅಜ್ಜಿಯನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಬಂದ್ರೆ ಸಾಕು. ಡ್ರಾಪ್ಸ್ ಹಾಕಿಸ್ಕೊಂಡವರು ಒಬ್ಬರೇ ರಸ್ತೆ ದಾಟಬಾರದು.

ಮನೆಯಲ್ಲಿ ಶುಗರ್ ಇರೋರು ಇದ್ರೆ ಇವತ್ತೇ ಒಂದು ಕೆಲಸ ಮಾಡಿ. ಒಂದೊಂದೇ ಕಣ್ಣು ಮುಚ್ಚಿ ಗೋಡೆ ಮೇಲಿನ ಕ್ಯಾಲೆಂಡರಿನ ಗೆ್ರೆಗಳನ್ನ ನೋಡೋಕೆ ಹೇಳಿ. ಗೆರೆ ಸೊಟ್ಟಗೆ ಕಂಡ್ರೆ, ನಡುವೆ ಕಪ್ಪು ಮಚ್ಚೆ ಕಂಡ್ರೆ, ಜೇಡರ ಬಲೆ ತೇಲಿದ ಹಾಗೆ ಅನ್ನಿಸಿದ್ರೆ ತಡ ಮಾಡಬೇಡಿ, ನಾಳೆಯೇ ಹೋಗಿ. ಒಂದು ಕಣ್ಣು ಹೋಗಿದ್ರೂ ಇನ್ನೊಂದು ಕಣ್ಣು ಸಂಭಾಳಿಸ್ತಾ ಇರುತ್ತೆ, ಎರಡೂ ತೆರೆದು ನೋಡಿದ್ರೆ ಗೊತ್ತಾಗಲ್ಲ. ಎಲ್ಲ ಸರಿ ಕಂಡ್ರೂ ರೆಟಿನಾ ಪರೀಕ್ಷೆ ಬಿಡೋ ಹಾಗಿಲ್ಲ, ಕ್ಯಾಲೆಂಡರೂ ಒಂದು ಬೋರ್ಡೇ.

ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ನಗರಸಭೆ ಆಯುಕ್ತರಿಗೆ, ಸಮಾಜ ಕಲ್ಯಾಣ ಇಲಾಖೆಗೆ ಕೊಡೋಕೆ ಒಂದು ಮನವಿ ಪತ್ರ ಟೈಪ್ ಮಾಡಿ ಇಟ್ಟಿದೀನಿ. ನಿಮ್ಮ ಊರಿನ ಹೆಸರು, ಪಿಎಚ್‌ಸಿ ಹೆಸರು ತುಂಬಿದ್ರೆ ಆಯ್ತು. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ. ಕೊಟ್ಟ ಮೇಲೆ ಸ್ವೀಕೃತಿ ಸೀಲು ಹಾಕಿಸ್ಕೊಳ್ಳೋದು ಮರೀಬೇಡಿ, ಸೀಲಿಲ್ಲದ ಮನವಿ ನಮ್ಮಲ್ಲಿ ಕಸದ ಬುಟ್ಟಿಗೆ ಹೋಗುತ್ತೆ.

ಜೈ ಭೀಮ್.